ನೆರೆ ನೋಡಿ ನೆಲೆ

(ಬಾನುಲಿ ಭಾಷಣ)

‘ಕೆಟ್ಟು ಪಟ್ಟಣ ಸೇರು’ ಎಂಬುದು ನಮ್ಮಲ್ಲಿ ಹಳೆಯ ಗಾದೆ. ಹುಟ್ಟಿದ ಊರಿನಲ್ಲಿ ನೆಲೆ ತಪ್ಪಿದವನಿಗೆ ಪಟ್ಟಣವು ಆಶ್ರಯ ಕೊಡುತ್ತದೆ, ಅಲ್ಲಿ ಅವನ ಹಿಂದುಮುಂದನ್ನು ಕೇಳುವವರಿಲ್ಲ ಎಂಬುದು ಅದರ ಇಂಗಿತ. ಇಂದು ಹಳ್ಳಿಯಿಂದ ಹೊರಡುವವರು ಬಹುಮಟ್ಟಿಗೆ ಕೆಟ್ಟು ಹೊರಡುವವರಲ್ಲ. ಓದಿ, ಕೆಲಸ ಸಂಪಾದಿಸಿ, ಬ್ಯಾಂಕಿನ ಸಾಲದ ಕಾಗದಕ್ಕೆ ರುಜು ಹಾಕಿ ಹೊರಡುವವರು. ಆದುದರಿಂದ ಪಟ್ಟಣ ಸೇರಬೇಕೆ ಬೇಡವೆ ಎಂಬುದು ಅವರ ಪ್ರಶ್ನೆಯಲ್ಲ; ಪಟ್ಟಣದ ಯಾವ ಭಾಗವನ್ನು ಸೇರಬೇಕು ಎಂಬುದು ಪ್ರಶ್ನೆ. ಅಧ್ಯಾಪನ ವೃತ್ತಿಯಿಂದ ನಿವೃತ್ತನಾಗಿ ನಾನು ನನ್ನ ಹುಟ್ಟೂರಾದ ನಾರಾವಿಗೆ ಮರಳಿದ ಮೇಲೆ, “ಸರ್, ಬೆಂಗಳೂರಿನಲ್ಲಿ ಮನೆ ಮಾಡಬೇಕೆಂದಿದ್ದೇವೆ, ಯಾವ ಕಡೆ ಸೇಫು?” ಎಂದು ಕೇಳಿದವರು ಅನೇಕರು. ಕೆಲವರು ನನ್ನ ಹಳೆಯ ವಿದ್ಯಾರ್ಥಿಗಳು, ಕೆಲವರು ನೆರೆಮನೆಯ ಮಕ್ಕಳ ತಾಯಿತಂದೆಯರು. ಕನ್ನಡ ಎಂ.ಎ. ಓದಿದವನಿಗೆ ನಿವೇಶನಗಳ ಬೆಲೆ ತಿಳಿದಿದ್ದೀತೆಂಬ ಭ್ರಮೆ ಅವರಿಗಿಲ್ಲ. ಹೋಗುವ ಜಾಗದ ಪೂರ್ವಾಪರ ತಿಳಿದವರೊಬ್ಬರ ಮಾತು ಅವರಿಗೆ ಬೇಕು, ಅಷ್ಟೆ.

ಪೂರ್ವಾಪರವೆಂದ ಮೇಲೆ ಅದು ಚರಿತ್ರೆಯ ವಿಷಯವಾಯಿತು. ಇದನ್ನು ಕುರಿತು ಯೋಚಿಸುವಾಗ ನನಗೆ ಮೊದಲು ಹೊಳೆಯುವುದು ನಮ್ಮ ಭಾಷೆಯ ಒಂದು ಪುಟ್ಟ ಪದ: ನೆರೆ. ಜನ ನೆರೆದರು ಎಂದರೆ ಒಂದೆಡೆ ಕೂಡಿದರು ಎಂದರ್ಥ. ನೆರೆಯವರು ಎಂದರೆ ಪಕ್ಕದ ಮನೆಯವರು. ನೆರೆ ಬಂತು ಎಂದರೆ ಉಕ್ಕಿ ಬಂದ ಹೊಳೆ. ಕೂಟ, ನೆರೆಹೊರೆ, ಪ್ರವಾಹ ಈ ಮೂರನ್ನೂ ಕನ್ನಡಿಗನು ಒಂದೇ ಉಚ್ಚಾರಣೆಯಲ್ಲಿ ಹೇಳುತ್ತಾನೆ. ಮನುಷ್ಯನು ನೆಲೆ ಆರಿಸುವಾಗ ತೂಗಿ ನೋಡಬೇಕಾದವುಗಳೂ ಈ ಮೂರೇ. ಒಂದೊಂದು ಕಾಲ ಒಂದೊಂದು ಅಪಾಯಕ್ಕೆ ಹೆದರಿತು. ಆ ಹೆದರಿಕೆಗೆ ತಕ್ಕಂತೆ ಊರು ಕಟ್ಟಿತು. ಆ ಕಥೆಯನ್ನು ನಮ್ಮ ಊರಿನಿಂದ ಆರಂಭಿಸಿ ಬೆಂಗಳೂರಿನವರೆಗೆ ಇಂದು ಸ್ಥೂಲವಾಗಿ ನೋಡೋಣ.

ನಾರಾವಿ ಬೆಳ್ತಂಗಡಿ ತಾಲೂಕಿನ ಅಂಚಿನ ಊರು. ಕುದುರೆಮುಖ ಶ್ರೇಣಿಯ ತಪ್ಪಲು. ಕಾರ್ಕಳ, ಮೂಡುಬಿದಿರೆ, ವೇಣೂರುಗಳು ಆಸುಪಾಸಿನಲ್ಲಿ. ಸೂರ್ಯನಾರಾಯಣ ದೇವಸ್ಥಾನ, ಜೈನ ಬಸದಿ, ಇಗರ್ಜಿ ಮೂರೂ ಇರುವ ಊರು. ಘಟ್ಟದ ಮೇಲಿನಿಂದ ಹೊಸದಾಗಿ ಬಂದವರು ಇಲ್ಲಿ ನಿಂತು ‘ಊರೆಲ್ಲಿ?’ ಎಂದು ಕೇಳುವುದುಂಟು. ಅವರು ಹೇಳುವುದೂ ಸರಿಯೆ. ಬಯಲುಸೀಮೆಯ ಹಳ್ಳಿಯಂತೆ ಗೋಡೆಗೆ ಗೋಡೆ ಆತುಕೊಂಡ ಮನೆಗಳ ಗುಂಪು ತುಳುನಾಡಿನಲ್ಲಿಲ್ಲ. ಇಲ್ಲಿ ಒಂದು ಮನೆಯಿಂದ ಇನ್ನೊಂದು ಮನೆಗೆ ಗದ್ದೆಯ ಅಂಚು ಹಿಡಿದು, ತೋಡಿನ ಸಂಕ ದಾಟಿ ಹೋಗಬೇಕು. ಹೀಗೆ ಚೆದರಿ ನಿಂತ ಮನೆಗಳ ಹಿಂದೆ ಒಂದು ಲೆಕ್ಕಾಚಾರವಿದೆ. ನಮ್ಮ ಹಿರಿಯರು ಗದ್ದೆಗಳನ್ನು ಬೈಲು, ಮಜಲು, ಬೆಟ್ಟು ಎಂದು ಮೂರು ಬಗೆಯಾಗಿ ವಿಂಗಡಿಸಿದರು. ಎಲ್ಲಕ್ಕಿಂತ ಕೆಳಗಿನದು, ನೀರು ತಾನಾಗಿ ನಿಲ್ಲುವುದು ಬೈಲು, ನಡುವಿನದು ಮಜಲು, ಮಳೆಯನ್ನೇ ನೆಚ್ಚಿದ ಮೇಲಿನ ನೆಲ ಬೆಟ್ಟು. ಬೈಲು ಹೆಚ್ಚು ಫಸಲು ಕೊಡುವ ಭೂಮಿ. ಆದರೆ ಅಲ್ಲಿ ಮನೆ ಕಟ್ಟಲಿಲ್ಲ. ಮನೆಗೆ ಆರಿಸಿದ್ದು ಗದ್ದೆಯ ಮೇಲಂಚಿನ, ಗುಡ್ಡದ ಬುಡದ ಗಟ್ಟಿನೆಲವನ್ನು. ಬೆನ್ನಿಗೆ ಗುಡ್ಡ, ಮುಂದೆ ಗದ್ದೆ, ಪಕ್ಕದಲ್ಲಿ ಬಾವಿ, ಮಳೆಗಾಲದ ನೀರು ಅಂಗಳದ ಬದಿಯಿಂದ ಇಳಿದುಹೋಗಲು ಕಣಿ. ನೀರಿಗೆ ಅದರ ದಾರಿಯನ್ನು ಬಿಟ್ಟುಕೊಟ್ಟ ಮೇಲೆ ಮನುಷ್ಯ ತನ್ನ ಜಾಗವನ್ನು ಆರಿಸಿಕೊಂಡ.

ಇದನ್ನು ಕೇಳಿ ಹಳ್ಳಿಯೇ ಸುರಕ್ಷಿತವೆಂದು ತೀರ್ಮಾನಿಸುವುದು ಬೇಡ. ಘಟ್ಟದ ತಪ್ಪಲಿನ ಚಳಿಜ್ವರ ಎಷ್ಟು ಮನೆಗಳನ್ನು ಬರಿದು ಮಾಡಿತೆಂಬುದನ್ನು ನಮ್ಮ ಹಿರಿಯರ ಬಾಯಿಂದ ಕೇಳಿದ್ದೇವೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನ ಕಾಡಿನಲ್ಲಿ ಕಾಣಿಸಿಕೊಂಡ ಮಂಗನ ಕಾಯಿಲೆ 1982-83ರ ಹೊತ್ತಿಗೆ ನಮ್ಮ ಬೆಳ್ತಂಗಡಿ ತಾಲೂಕಿನಲ್ಲಿ ಹಬ್ಬಿ ಪ್ರಾಣಗಳನ್ನು ತೆಗೆದುಕೊಂಡಿತು. ಕಾಡನ್ನು ಕಡಿದು ತೋಪು ಮಾಡಹೊರಟ ಕಡೆ ಅದು ಎದ್ದಿತೆಂಬುದನ್ನು ವೈದ್ಯರು ಗುರುತಿಸಿದರು. 2019ರ ಆಗಸ್ಟಿನಲ್ಲಿ ಇದೇ ತಾಲೂಕಿನ ಚಾರ್ಮಾಡಿ, ದಿಡುಪೆಗಳ ಕಡೆ ಗುಡ್ಡ ಜರಿದು, ಹೊಳೆ ದಿಕ್ಕು ಬದಲಿಸಿ, ತೋಟ ಮನೆಗಳು ಮಣ್ಣುಪಾಲಾದವು. ಇನ್ನೊಂದು ಮಾತನ್ನೂ ಮರೆಯಬಾರದು. ಗಟ್ಟಿನೆಲದ ಆಯ್ಕೆ ಎಲ್ಲರದೂ ಆಗಿರಲಿಲ್ಲ. ಗುತ್ತಿನ ಮನೆಗೆ ಎತ್ತರದ ಜಾಗ ಸಿಕ್ಕಿತು. ಕೊರಗರ ಕೊಪ್ಪಕ್ಕೆ ಸಿಕ್ಕಿದ್ದು ಊರಿನವರು ಬೇಡವೆಂದು ಬಿಟ್ಟ ಮೂಲೆ. ನೆಲೆಯ ವಿವೇಕ ಹಿರಿಯರಲ್ಲಿತ್ತು, ನಿಜ. ಅದರ ಫಲವನ್ನು ಹಂಚುವ ಔದಾರ್ಯ ಇರಲಿಲ್ಲ. ಮುಂದೆ ಬೆಂಗಳೂರಿನ ಕಥೆಯಲ್ಲಿಯೂ ಇದೇ ಕೊರತೆಯನ್ನು ದೊಡ್ಡ ಅಕ್ಷರಗಳಲ್ಲಿ ಕಾಣುತ್ತೇವೆ.

ವ್ಯಾಪಾರ ಬಂದ ಕಡೆ ಗದ್ದೆಯಂಚಿನ ಈ ವಿವೇಕ ಹಿಂದೆ ಸರಿಯಿತು. ಬಂಟ್ವಾಳವನ್ನು ನೋಡಿ. ನೇತ್ರಾವತಿಯ ದಡದ ಪೇಟೆ. ಒಳನಾಡಿನ ಸರಕು ದೋಣಿಯೇರಿ ಮಂಗಳೂರಿನ ಬಂದರಿಗೆ ಹೋಗುತ್ತಿದ್ದ ಕಾಲದಲ್ಲಿ ಅಂಗಡಿಯ ಬಾಗಿಲು ನೀರಿಗೆ ಹತ್ತಿರವಿದ್ದಷ್ಟೂ ಲಾಭ. ಹಾಗೆ ನೀರಿನ ಬಳಿ ಕಟ್ಟಿದ ಪೇಟೆಗೆ 1923ರಲ್ಲಿಯೂ 1974ರಲ್ಲಿಯೂ ಮಹಾನೆರೆ ನುಗ್ಗಿತು. ಈ ಎರಡು ಇಸವಿಗಳು ಆ ಕಡೆಯ ಜನರ ಮಾತಿನಲ್ಲಿ ಕಾಲಗಣನೆಯ ಕಲ್ಲುಗಳಾಗಿ ನಿಂತಿವೆ. ಮಗು ಹುಟ್ಟಿದ್ದು ‘ನೆರೆಗೆ ಮೊದಲೋ ನಂತರವೋ’ ಎಂದು ಹೇಳಿದರೆ ಅಲ್ಲಿ ಅರ್ಥವಾಗುತ್ತದೆ. ಮಂಗಳೂರಿನಲ್ಲಿಯೂ ಸರಕು ಇಳಿಯುವ ಬಂದರು ತಗ್ಗಿನಲ್ಲಿ. ಗಾಳಿಬೆಳಕು ಬಯಸಿದವರು ಏರಿದ್ದು ಕದ್ರಿಯ ಕಡೆಗೆ, ಬಾವುಟಗುಡ್ಡದ ಕಡೆಗೆ. ಹಡಗು ಸರಕನ್ನು ತರುವಂತೆ ಕಾಯಿಲೆಯನ್ನೂ ತರುತ್ತದೆ. ಕಂಕನಾಡಿಯಲ್ಲಿ ಔಷಧಾಲಯವನ್ನೂ ಕುಷ್ಠರೋಗಿಗಳ ಆಶ್ರಮವನ್ನೂ ನಡೆಸುತ್ತಿದ್ದ ಫಾದರ್ ಮುಲ್ಲರ್ ಅವರು 1902ರಲ್ಲಿ ಪ್ಲೇಗಿನ ರೋಗಿಗಳಿಗೆಂದೇ ಆಸ್ಪತ್ರೆಯನ್ನು ತೆರೆಯಬೇಕಾಯಿತು. ಅದಕ್ಕೆ ನಾಲ್ಕು ವರ್ಷ ಮೊದಲು ಆ ಮಾರಿ ಬೆಂಗಳೂರನ್ನು ಹೊಕ್ಕಿತ್ತು. ನನ್ನ ವಿದ್ಯಾರ್ಥಿಗಳು ಇಂದು ಕೇಳುವ ಪ್ರಶ್ನೆಯನ್ನು ಒಂದು ಇಡೀ ನಗರವು ಪ್ರಾಣಭಯದಿಂದ ಕೇಳಿಕೊಂಡದ್ದು ಆಗ.

ಬೆಂಗಳೂರು ಮೊದಲು ಹೆದರಿದ್ದು ದಂಡಿಗೆ, ಎಂದರೆ ಸೈನ್ಯಕ್ಕೆ. 1537ರಲ್ಲಿ ಕೆಂಪೇಗೌಡರು ಕಟ್ಟಿದ ಊರಿಗೆ ಕೋಟೆಯೇ ಅಭಯ. ಪೇಟೆಯ ಸುತ್ತ ಮಣ್ಣಿನ ಗೋಡೆ, ಕಂದಕ, ಮುಳ್ಳಿನ ದಟ್ಟವಾದ ಬೇಲಿ. ಹಲಸೂರು, ಯಲಹಂಕ, ಆನೇಕಲ್ಲು ಎಂದು ದಿಕ್ಕುದಿಕ್ಕಿಗೆ ಬಾಗಿಲುಗಳು. ಬಾಗಿಲು ಮುಚ್ಚಿದರೆ ಒಳಗಿನವರು ಸುರಕ್ಷಿತರು ಎಂಬ ನಂಬಿಕೆ ಎರಡೂವರೆ ಶತಮಾನ ನಡೆಯಿತು. 1791ರ ಮಾರ್ಚಿನಲ್ಲಿ ಕಾರ್ನ್‌ವಾಲಿಸನ ಸೇನೆ ಹಲಸೂರು ಬಾಗಿಲನ್ನು ಒಡೆದು ಪೇಟೆಯನ್ನು ಹೊಕ್ಕಿತು. ಎರಡು ವಾರಗಳಲ್ಲಿ ಕೋಟೆಯೂ ಬಿತ್ತು. ಗೋಡೆಯ ಕಾಲ ಅಲ್ಲಿಗೆ ಮುಗಿಯಿತೆನ್ನಬೇಕು. ಅನಂತರ ಬಂದ ಆಂಗ್ಲರು ಹೆದರಿದ್ದು ಶತ್ರುಸೈನ್ಯಕ್ಕಿಂತ ಹೆಚ್ಚಾಗಿ ಜ್ವರಕ್ಕೆ. ಕಾವೇರಿಯ ನಡುಗಡ್ಡೆಯಾದ ಶ್ರೀರಂಗಪಟ್ಟಣದಲ್ಲಿ ಅವರ ಸಿಪಾಯಿಗಳು ಜ್ವರದಿಂದ ನರಳಿ ಸಾಯುತ್ತಿದ್ದರು. ಆದ್ದರಿಂದ 1809ರಲ್ಲಿ ದಂಡನ್ನು ಎತ್ತರದ, ತಂಪಾದ ಬೆಂಗಳೂರಿಗೆ, ಹಲಸೂರು ಕೆರೆಯ ಬದಿಗೆ ತಂದರು. ಹೀಗೆ ಎರಡು ಬೆಂಗಳೂರುಗಳಾದವು: ಒಂದು ಹಳೆಯ ಪೇಟೆ, ಇನ್ನೊಂದು ದಂಡು. ದಂಡಿನಲ್ಲಿ ತೋಟದ ನಡುವೆ ಬಂಗಲೆ. ಪೇಟೆಯಲ್ಲಿ ಅಂಗಡಿಯ ಹಿಂದೆ ಮನೆ.

ಪೇಟೆಯ ಬದುಕಿನ ಸೊಗಸನ್ನು ಅಲ್ಲಗಳೆಯುವಂತಿಲ್ಲ. ಬಳೇಪೇಟೆ, ಅಕ್ಕಿಪೇಟೆ, ರಾಗಿಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ, ತಿಗಳರಪೇಟೆ, ನಗರ್ತಪೇಟೆ! ಹೆಸರುಗಳನ್ನು ಓದಿದರೆ ಕಸುಬುಗಳ ಮೆರವಣಿಗೆ ಕಣ್ಣಮುಂದೆ ಹೋಗುತ್ತದೆ. ಕಸುಬು ಇರುವಲ್ಲೇ ಮನೆ, ಮನೆ ಇರುವಲ್ಲೇ ಬಂಧುಬಳಗ, ಕರೆದರೆ ಓಗೊಡುವಷ್ಟು ಹತ್ತಿರ ದೇವಸ್ಥಾನ. ಆದರೆ ಕಾಲ ಸರಿದಂತೆ ಜನ ಹೆಚ್ಚಿದರು, ನೆಲ ಹೆಚ್ಚಲಿಲ್ಲ. ಎರಡು ಮನೆಗೆ ಒಂದೇ ಗೋಡೆ, ಗಾಳಿಯಾಡದ ಒಳಕೋಣೆ, ಅದರ ಪಕ್ಕದಲ್ಲಿ ದನದ ಕೊಟ್ಟಿಗೆ, ಮೂಟೆಮೂಟೆ ಧಾನ್ಯದ ಉಗ್ರಾಣ, ಓಣಿಯಲ್ಲಿ ತೆರೆದ ಚರಂಡಿ. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಆಡಳಿತ ಇದನ್ನು ಕಾಣದೆ ಇರಲಿಲ್ಲ. 1892ರಲ್ಲಿ ಕೋಟೆಯ ಆಚೆಗೆ ಚಾಮರಾಜಪೇಟೆ ಎಂಬ ಬಡಾವಣೆಯಾಯಿತು. 1896ರಲ್ಲಿ ಹೆಸರಘಟ್ಟದ ಕೆರೆಯಿಂದ ಕೊಳವೆಗಳ ಮೂಲಕ ನೀರು ಬಂತು. ಇನ್ನೂ ಹೊರಗೆ ಊರನ್ನು ವಿಸ್ತರಿಸುವ ಆಲೋಚನೆ ಕಾಗದದ ಮೇಲೆ ಮೊಳೆಯುತ್ತಿತ್ತು. ಆದರೆ ಪೇಟೆಯನ್ನು ಬಿಟ್ಟು ಹೊಲದ ನಡುವೆ ಹೋಗಿ ಇರುವವರು ಯಾರು? ಅಂಗಡಿ ಇಲ್ಲಿ, ಬಳಗ ಇಲ್ಲಿ, ದೇವರು ಇಲ್ಲಿ. ಮನವೊಲಿಸಿ ಹೊರಡಿಸಲಾಗದ ಜನರನ್ನು ಹೊರಡಿಸಿದ್ದು ಇಲಿ.

1894ರಲ್ಲಿ ಹಾಂಗ್‌ಕಾಂಗಿನಲ್ಲಿ ಎದ್ದ ಪ್ಲೇಗು ಹಡಗಿನ ಇಲಿಗಳೊಡನೆ 1896ರಲ್ಲಿ ಮುಂಬಯಿಗೆ ಇಳಿಯಿತು. ಅಲ್ಲಿಂದ ರೈಲು ಹಿಡಿದು ದಕ್ಷಿಣಕ್ಕೆ ಬಂತು. 1898ರ ಆಗಸ್ಟಿನಲ್ಲಿ ಬೆಂಗಳೂರು ಅದರ ಕೈಗೆ ಸಿಕ್ಕಿತು. ರೋಗಾಣುವನ್ನು ಯೆರ್ಸಿನ್ ಎಂಬ ವಿಜ್ಞಾನಿ ನಾಲ್ಕು ವರ್ಷದ ಹಿಂದೆಯೇ ಗುರುತಿಸಿದ್ದ. ಹಾಫ್‌ಕಿನ್ ಎಂಬುವನು 1897ರಲ್ಲಿ ಮುಂಬಯಿಯಲ್ಲಿ ಲಸಿಕೆಯನ್ನು ಸಿದ್ಧಪಡಿಸಿದ್ದ. ಇಲಿಯ ಮೈಮೇಲಿನ ಚಿಗಟವೇ ರೋಗವನ್ನು ದಾಟಿಸುತ್ತದೆಂದು ಸೈಮಂಡ್ ಎಂಬ ಫ್ರೆಂಚ್ ವೈದ್ಯ ಆ 1898ರಲ್ಲಿಯೇ ಕರಾಚಿಯಲ್ಲಿ ತೋರಿಸಿದ. ಆದರೆ ಆ ಜ್ಞಾನ ಬೀದಿಗೆ ಇಳಿಯಲು ಕಾಲ ಬೇಕಿತ್ತು. ಬೀದಿಗೆ ತಿಳಿದದ್ದು ಇಷ್ಟು: ಇಲಿ ಬಿದ್ದರೆ ಮನೆ ಬಿಡಬೇಕು. ಮಾಡಿನಿಂದ ಇಲಿ ಸತ್ತು ಬೀಳುವುದು, ಸಂದಿಯಲ್ಲಿ ಗಂಟು ಕಾಣುವುದು, ಮೂರು ನಾಲ್ಕು ದಿನಗಳಲ್ಲಿ ಮನುಷ್ಯ ಇಲ್ಲವಾಗುವುದು. ಸರಕಾರ ಮನೆಗಳನ್ನು ಶೋಧಿಸಿತು, ರೋಗಿಗಳನ್ನು ಬೇರೆ ಒಯ್ದಿತು, ಗೋಡೆಗೆ ಸುಣ್ಣ ಬಳಿಯಿತು, ಕೆಲವು ಮನೆಗಳನ್ನು ಕೆಡವಿತು. ಜನ ಹೊರಗೆ ಬಯಲಿನಲ್ಲಿ ಗುಡಿಸಲು ಹಾಕಿಕೊಂಡರು. ಪ್ಲೇಗಿನಮ್ಮನ ಗುಡಿಗಳು ಎದ್ದವು.

ಜನಗಣತಿಯ ಅಂಕಿಗಳು ಈ ಕಥೆಯನ್ನು ಶುಷ್ಕವಾಗಿ ಹೇಳುತ್ತವೆ. 1891ರಲ್ಲಿ ಪೇಟೆ, ದಂಡು ಎರಡೂ ಸೇರಿ ಬೆಂಗಳೂರಿನ ಜನಸಂಖ್ಯೆ 1,80,366. ಹತ್ತು ವರ್ಷಗಳ ಬಳಿಕ, 1901ರಲ್ಲಿ, ಅದು 1,59,046. ಬೆಳೆಯುತ್ತಿದ್ದ ನಗರವೊಂದು ಇಪ್ಪತ್ತೊಂದು ಸಾವಿರ ಜನರಷ್ಟು ಕುಗ್ಗಿತು. ಸತ್ತವರೆಷ್ಟು, ಓಡಿಹೋದವರೆಷ್ಟು ಎಂದು ಈ ಅಂಕಿ ಬಿಡಿಸಿ ಹೇಳುವುದಿಲ್ಲ. ಅದನ್ನು ಹೇಳಬಲ್ಲುದು ಸಾಹಿತ್ಯ. ಎಸ್.ಎಲ್. ಭೈರಪ್ಪನವರ ‘ಗೃಹಭಂಗ’ವನ್ನು ಓದಿದವರು ಊರು ಬಿಟ್ಟು ಗುಡಿಸಲು ಸೇರುವ ಆ ಬದುಕನ್ನೂ, ಒಂದು ಮನೆಯ ಬೆಳೆದ ಮಕ್ಕಳು ಒಮ್ಮೆಗೆ ಇಲ್ಲವಾಗುವ ಆ ದುಃಖವನ್ನೂ ಮರೆಯಲಾರರು. ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ದಲ್ಲಿ ಅಗ್ರಹಾರದ ಹಿರಿಯರು ಹೆಣವೊಂದರ ಸಂಸ್ಕಾರಕ್ಕೆ ಯಾರು ಅರ್ಹರೆಂದು ಶಾಸ್ತ್ರ ಶೋಧಿಸುತ್ತಿರುವಾಗ ಹೊರಗೆ ಇಲಿಗಳು ಬೀಳುತ್ತಿರುತ್ತವೆ. ನಮ್ಮ ಕೇರಿ ಶುದ್ಧವಾದದ್ದು, ಆದ್ದರಿಂದ ಸುರಕ್ಷಿತವಾದದ್ದು ಎಂಬ ಭಾವನೆಯನ್ನು ಇಷ್ಟು ತೀವ್ರವಾಗಿ ಪರೀಕ್ಷೆಗೆ ಒಡ್ಡಿದ ಇನ್ನೊಂದು ಕೃತಿ ನಮ್ಮಲ್ಲಿ ವಿರಳ.

ಪೇಟೆಯಿಂದ ಹೊರಟ ಜನರಿಗೆ ತೆರೆದುಕೊಂಡವು ಎರಡು ಹೊಸ ಬಡಾವಣೆಗಳು: ದಕ್ಷಿಣದಲ್ಲಿ ಬಸವನಗುಡಿ, ವಾಯವ್ಯದಲ್ಲಿ ಮಲ್ಲೇಶ್ವರ. ಎರಡಕ್ಕೂ ದೇವರ ಹೆಸರೇ ಆದದ್ದು ಆಕಸ್ಮಿಕವಲ್ಲ. ಪೇಟೆಯನ್ನು ಬಿಟ್ಟುಬರುವವನಿಗೆ ಹೊಲದ ನಡುವೆ ಮೊದಲೇ ಒಬ್ಬ ದೇವರು ನೆಲೆಸಿದ್ದಾನೆಂಬುದು ದೊಡ್ಡ ಸಮಾಧಾನ. ಅತ್ತ ಗುಡ್ಡದ ಮೇಲೆ ದೊಡ್ಡ ಬಸವಣ್ಣ. ಇತ್ತ ಕಾಡು ಮಲ್ಲೇಶ್ವರ, ಶಿವಾಜಿಯ ತಮ್ಮ ಏಕೋಜಿ 1669ರಲ್ಲಿ ದತ್ತಿ ಬಿಟ್ಟ ಶಾಸನವುಳ್ಳ ಪ್ರಾಚೀನ ಸ್ಥಳ. ಈ ಬಡಾವಣೆಗಳ ವಿನ್ಯಾಸದಲ್ಲಿ ಪೇಟೆಯ ಒಂದೊಂದು ದೋಷಕ್ಕೂ ಒಂದೊಂದು ಉತ್ತರವಿತ್ತು. ಅಂಕುಡೊಂಕಿನ ಓಣಿಗೆ ಉತ್ತರವಾಗಿ ನೇರವಾದ ಅಗಲದ ರಸ್ತೆ. ಸೇರುಗೋಡೆಗೆ ಉತ್ತರವಾಗಿ ಬಿಡಿಯಾಗಿ ನಿಂತ ಮನೆ, ಸುತ್ತ ಗಾಳಿಯಾಡುವ ತೆರವು. ತೆರೆದ ಹೊಲಸಿಗೆ ಉತ್ತರವಾಗಿ ಕಟ್ಟಿದ ಚರಂಡಿ, ಮತ್ತು ಎರಡು ಸಾಲು ಮನೆಗಳ ಹಿತ್ತಿಲ ನಡುವೆ ಕಿರಿದಾದ ಕನ್ಸರ್ವೆನ್ಸಿ ಓಣಿ. ನಗರವು ಹೊರಗಿನ ತೋಟದೊಡನೆ ಕೂಡಿ ಬಾಳಬೇಕೆಂದು ವಾದಿಸಿದ ಎಬೆನೆಜರ್ ಹೊವಾರ್ಡನ ಪ್ರಸಿದ್ಧ ಪುಸ್ತಕ ಇಂಗ್ಲೆಂಡಿನಲ್ಲಿ ಪ್ರಕಟವಾದದ್ದೂ 1898ರಲ್ಲಿಯೇ. ಅಲ್ಲಿ ಅದು ಚಿಂತಕನೊಬ್ಬನ ಕನಸಾಗಿತ್ತು. ಇಲ್ಲಿ ಅದನ್ನು ಹೋಲುವುದೊಂದನ್ನು ಮಾರಿಯ ಭಯವು ಕಟ್ಟಿಸುತ್ತಿತ್ತು.

ಈ ಬಡಾವಣೆಗಳು ಕನ್ನಡ ಸಂಸ್ಕೃತಿಗೆ ಏನು ಕೊಟ್ಟವೆಂಬುದನ್ನು ಈ ಕೇಳುಗವರ್ಗಕ್ಕೆ ವಿವರಿಸಬೇಕಾಗಿಲ್ಲ. ಕನ್ನಡ ಸಾಹಿತ್ಯ ಪರಿಷತ್ತಿನ ಮಂದಿರವಿರುವುದು ಚಾಮರಾಜಪೇಟೆಯಲ್ಲಿ. ಡಿ.ವಿ.ಜಿ.ಯವರು ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ನೆಲೆಗೊಳಿಸಿದ್ದು ಬಸವನಗುಡಿಯಲ್ಲಿ. ಮಾಸ್ತಿಯವರ ಮನೆ ಅಲ್ಲೇ ಸಮೀಪದ ಗವಿಪುರದಲ್ಲಿ. ಸಂಜೆ ನಡೆದು ಹೋಗಿ ಸ್ನೇಹಿತರನ್ನು ಕಾಣಬಹುದಾದ, ಮರದ ನೆರಳಿನಲ್ಲಿ ನಿಂತು ಮಾತನಾಡಬಹುದಾದ ರಸ್ತೆಗಳಿಲ್ಲದೆ ನಮ್ಮ ನವೋದಯದ ಎಷ್ಟೋ ಚರ್ಚೆಗಳು ನಡೆಯುತ್ತಿರಲಿಲ್ಲವೇನೋ. ನೆರೆ ಎಂಬ ಮಾತಿನ ಕೂಡುವಿಕೆಯ ಅರ್ಥವನ್ನು ಆ ರಸ್ತೆಗಳು ಉಳಿಸಿಕೊಟ್ಟವು.

ಇಷ್ಟನ್ನು ಮೆಚ್ಚಿದ ಮೇಲೆ ಲೆಕ್ಕದ ಇನ್ನೊಂದು ಪುಟವನ್ನೂ ತೆರೆಯಬೇಕು. ಆ ಹೊಲಗಳು ಯಾರವು? ಬಸವನಗುಡಿಯಲ್ಲಿ ಕಾರ್ತಿಕ ಮಾಸದ ಕೊನೆಯ ಸೋಮವಾರ ಕಡಲೆಕಾಯಿ ಪರಿಷೆ ನಡೆಯುತ್ತದೆ. ಸುಂಕೇನಹಳ್ಳಿಯೇ ಮೊದಲಾದ ಹಳ್ಳಿಗಳ ರೈತರು ತಮ್ಮ ಮೊದಲ ಫಸಲನ್ನು ಬಸವನಿಗೆ ಒಪ್ಪಿಸುತ್ತಿದ್ದ ಹಬ್ಬ ಅದು. ಪರಿಷೆ ಉಳಿದಿದೆ, ಕಡಲೆಕಾಯಿಯೂ ಬರುತ್ತದೆ. ಆದರೆ ಅದು ದೂರದ ಹೊಲಗಳಿಂದ ಲಾರಿಯಲ್ಲಿ ಬರುತ್ತದೆ. ಸುಂಕೇನಹಳ್ಳಿಯ ಹೊಲಗಳ ಮೇಲೆ ಮನೆಗಳು ನಿಂತಿವೆ. ಪೇಟೆಯ ಜನರ ಸುರಕ್ಷತೆಗೆ ಹಳ್ಳಿಯ ಜನರು ನೆಲ ತೆತ್ತರು.

ಎರಡನೆಯದಾಗಿ, ಹೊಸ ಬಡಾವಣೆಗಳನ್ನು ಭಾಗಗಳಾಗಿ ವಿಂಗಡಿಸಿ ಜಾತಿ ಜನಾಂಗಗಳಿಗೆ ಬೇರೆಬೇರೆಯಾಗಿ ಹಂಚಲಾಯಿತು. ಪೇಟೆಯಲ್ಲಿ ಜಾತಿಯೊಡನೆ ಕಸುಬು ಅಂಟಿಕೊಂಡಿತ್ತು. ಕುಂಬಾರನ ಕೇರಿಗೆ ಮಡಕೆಗಾಗಿ ಎಲ್ಲರೂ ಹೋಗಲೇಬೇಕಿತ್ತು. ಹೊಸ ಬಡಾವಣೆ ಕಸುಬನ್ನು ಹಿಂದೆ ಬಿಟ್ಟು ಜಾತಿಯನ್ನು ಮಾತ್ರ ಹೊತ್ತು ತಂದಿತು. ತನ್ನವರ ನಡುವೆ ಇರುವುದೇ ಸುರಕ್ಷತೆ ಎಂಬ ಭಾವನೆಗೆ ಸರಕಾರದ ನಕ್ಷೆಯಲ್ಲಿಯೇ ಗೆರೆ ಎಳೆದಂತಾಯಿತು. ಇನ್ನು ಆ ಕನ್ಸರ್ವೆನ್ಸಿ ಓಣಿ. ಮನೆಯ ಮುಂಬಾಗಿಲು ಅಗಲವಾದ ರಸ್ತೆಗೆ. ಹಿಂಬಾಗಿಲು ಆ ಓಣಿಗೆ. ಮುಂಜಾವದಲ್ಲಿ ಅಲ್ಲಿಗೆ ಬಂದು ಮಲವನ್ನು ಹೊತ್ತು ಸಾಗಿಸುತ್ತಿದ್ದವರ ಮುಖ ಮುಂದಿನ ರಸ್ತೆಗೆ ಕಾಣುತ್ತಿರಲಿಲ್ಲ. ಬಡಾವಣೆಯ ಆರೋಗ್ಯ ನಿಂತಿದ್ದದ್ದು ಅವರ ತಲೆಯ ಮೇಲೆ. ಆ ಬಡಾವಣೆಯಲ್ಲಿ ಅವರಿಗೊಂದು ನಿವೇಶನ ಇರಲಿಲ್ಲ. ಆ ಪದ್ಧತಿಯನ್ನು ಕರ್ನಾಟಕದಲ್ಲಿ ನಿಷೇಧಿಸಲು ಎಪ್ಪತ್ತರ ದಶಕದಲ್ಲಿ ದೇವರಾಜ ಅರಸರ ಸಂಪುಟದ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ಬರಬೇಕಾಯಿತು. ಅವರ ‘ಬೂಸಾ’ ಎಂಬ ಒಂದು ಮಾತಿಗಾಗಿ 1973ರಲ್ಲಿ ಎಷ್ಟು ಗದ್ದಲವೆದ್ದಿತೆಂದು ಸಾಹಿತ್ಯದ ಓದುಗರಿಗೆ ನೆನಪಿದೆ. ಈ ಕೆಲಸವೂ ಅಷ್ಟೇ ನೆನಪಿನಲ್ಲಿರಬೇಕು.

ದಂಡಿನ ಭಾಗದಲ್ಲಿಯೂ ಇದೇ ಪ್ರಯತ್ನ ನಡೆಯಿತು. 1906ರಿಂದ 1910ರ ಆಸುಪಾಸಿನಲ್ಲಿ ಅಲ್ಲಿ ಫ್ರೇಜರ್ ಟೌನ್ ತಲೆಯೆತ್ತಿತು. ರೆಸಿಡೆಂಟರಾಗಿದ್ದ ಸ್ಟೂಅರ್ಟ್ ಫ್ರೇಜರ್ ಅವರ ಹೆಸರು ಅದಕ್ಕೆ. ಇಂದು ಅದು ಪುಲಕೇಶಿನಗರ. ಅದರ ವಿನ್ಯಾಸದಲ್ಲಿ ತೊಡಗಿದ್ದ ಜೆ.ಎಚ್. ಸ್ಟೀಫನ್ಸ್ ಎಂಬವರು ಬೆಂಗಳೂರಿನಲ್ಲಿ ಪ್ಲೇಗು ಹೊಗದಂತೆ ಪಟ್ಟಣ ಕಟ್ಟುವುದು ಹೇಗೆಂಬುದನ್ನು ಕುರಿತು 1914ರಲ್ಲಿ ಒಂದು ಪುಸ್ತಕವನ್ನೇ ಪ್ರಕಟಿಸಿದರು. ಇಲಿ ಬಿಲ ತೋಡಲಾಗದ ನೆಲಗಟ್ಟು, ಇಲಿ ಅಡಗಲಾರದ ಗೋಡೆ, ಮಾಡು, ಎಲ್ಲವೂ ಲೆಕ್ಕಾಚಾರದ ಮೇಲೆ. ಆ ಹೊತ್ತಿಗೆ ಶತ್ರು ಯಾರೆಂಬುದು ಸ್ಪಷ್ಟವಾಗಿತ್ತು. ಹೆದರಿಕೆ ಜ್ಞಾನಕ್ಕೆ ದಾರಿ ಬಿಟ್ಟುಕೊಟ್ಟ ಒಳ್ಳೆಯ ಉದಾಹರಣೆಯಿದು.

ಹಾಗಾದರೆ ಬಡಾವಣೆಗೆ ಹೋದವರು ಸುರಕ್ಷಿತರಾದರೆ? ಉತ್ತರ ಸರಳವಲ್ಲ. ಪ್ಲೇಗು ಒಂದೇ ಸಲ ಬಂದು ಹೋಗಲಿಲ್ಲ. ಅನೇಕ ವರ್ಷಗಳ ಕಾಲ ಮತ್ತೆ ಮತ್ತೆ ಬಂತು. ಮಲ್ಲೇಶ್ವರದ ಮನೆಗೆ ಅಕ್ಕಿ ಬರಬೇಕಾದದ್ದು ಅಕ್ಕಿಪೇಟೆಯ ಕಡೆಯಿಂದಲೇ. ಧಾನ್ಯವಿದ್ದಲ್ಲಿ ಇಲಿ, ಇಲಿಯಿದ್ದಲ್ಲಿ ಚಿಗಟ. ಪೇಟೆಯಲ್ಲಿ ಉಳಿದವರು ಕಾಯಿಲೆ ಬಿದ್ದರೆ ಬಡಾವಣೆಯಲ್ಲಿ ಅಗಲವಾದ ರಸ್ತೆ ಇದ್ದು ಪ್ರಯೋಜನವೇನು? ಕ್ರಮೇಣ ನಗರವನ್ನು ಕಾಪಾಡಿದ್ದು ಇಡೀ ಊರಿಗೆ ಸೇರಿದ ವ್ಯವಸ್ಥೆಗಳು: ಕೊಳವೆಯ ನೀರು, ಚರಂಡಿ, 1900ರಲ್ಲಿ ತೆರೆದ ವಿಕ್ಟೋರಿಯಾ ಆಸ್ಪತ್ರೆ, ಲಸಿಕೆ, ಧಾನ್ಯದ ಉಗ್ರಾಣಗಳ ಮೇಲ್ವಿಚಾರಣೆ. ಇವುಗಳಲ್ಲಿ ಒಂದನ್ನಾದರೂ ಒಬ್ಬನು ತನ್ನ ನಿವೇಶನದೊಳಗೆ ಒಂಟಿಯಾಗಿ ಕಟ್ಟಿಕೊಳ್ಳಲಾರ. ಬಡಾವಣೆಗಳು ಯಶಸ್ವಿಯಾದದ್ದು ಊರನ್ನು ಬಿಟ್ಟು ಓಡಿದ್ದರಿಂದ ಅಲ್ಲ. ಊರಿನೊಡನೆ ಅವು ನೀರು, ಚರಂಡಿ, ವೈದ್ಯದ ಸಂಬಂಧ ಇಟ್ಟುಕೊಂಡದ್ದರಿಂದ. ಅವು ಸೋತದ್ದು ಆ ಸಂಬಂಧದಲ್ಲಿ ಕೆಲವರನ್ನು ಹಿಂಬಾಗಿಲಿನಲ್ಲಿಯೇ ನಿಲ್ಲಿಸಿದ ಕಡೆ.

ಈಗ ನಮ್ಮ ಕಾಲಕ್ಕೆ ಬರೋಣ. 1791ರಲ್ಲಿ ಮುರಿದುಬಿದ್ದ ಗೋಡೆಯನ್ನು ನಾವು ಬೆಂಗಳೂರಿನಲ್ಲಿ ಮತ್ತೆ ಕಟ್ಟುತ್ತಿದ್ದೇವೆ. ಸುತ್ತ ಎತ್ತರದ ಕಾಂಪೌಂಡು, ಬಾಗಿಲಲ್ಲಿ ಕಾವಲುಗಾರ, ಒಳಗೆ ಹೊರಗಿನವರ ಹೆಸರು ಬರೆಸುವ ಪುಸ್ತಕ. ನನ್ನನ್ನು ಕೇಳುವ ಮಕ್ಕಳು ‘ಸೇಫು’ ಎಂದಾಗ ಅವರ ಮನಸ್ಸಿನಲ್ಲಿರುವುದು ಬಹುಶಃ ಇಂಥ ಜಾಗವೇ. ಕಳ್ಳಕಾಕರ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. ರಾತ್ರಿಪಾಳಿ ಮುಗಿಸಿ ಮನೆಗೆ ಮರಳುವ ಹೆಣ್ಣುಮಗಳ ತಂದೆಗೆ ಗೋಡೆ ಬೇಡವೆಂದು ಉಪದೇಶಿಸುವ ಅಧಿಕಾರ ನನಗಿಲ್ಲ. ಆದರೆ 2022ರ ಸೆಪ್ಟೆಂಬರಿನಲ್ಲಿ ಏನಾಯಿತೆಂಬುದನ್ನು ನೆನೆಯಬೇಕು. ನಗರದ ಪೂರ್ವಭಾಗದಲ್ಲಿ, ಬೆಳ್ಳಂದೂರು, ಮಹದೇವಪುರಗಳ ಕಡೆ, ಕೋಟಿಗಟ್ಟಲೆ ಬೆಲೆಯ ಮನೆಗಳ ಒಳಗೆ ಕೆರೆಯ ನೀರು ನಿಂತಿತು. ಕಾವಲುಗಾರನು ನೀರಿನ ಹೆಸರನ್ನು ಪುಸ್ತಕದಲ್ಲಿ ಬರೆಸಿಕೊಳ್ಳಲಾರನಷ್ಟೆ! ಐಶ್ವರ್ಯವಂತರು ದೋಣಿಗಳಲ್ಲಿ, ಟ್ರ್ಯಾಕ್ಟರುಗಳಲ್ಲಿ ಕುಳಿತು ಹೊರಬಂದರು. ಧರ್ಮಾಂಬುಧಿ ಕೆರೆ ಬಸ್‌ನಿಲ್ದಾಣವಾಗಿ, ಸಂಪಂಗಿ ಕೆರೆ ಕ್ರೀಡಾಂಗಣವಾಗಿ ಬಹುಕಾಲವಾಯಿತು. ಒಂದು ಕೆರೆಯಿಂದ ಇನ್ನೊಂದಕ್ಕೆ ನೀರು ಒಯ್ಯುತ್ತಿದ್ದ ರಾಜಕಾಲುವೆಗಳ ಮೇಲೆ ಮನೆಗಳೆದ್ದವು. ಬೈಲಿನಲ್ಲಿ ಮನೆ ಕಟ್ಟಬಾರದೆಂದು ನಾರಾವಿಯ ಓದುಬರಹವಿಲ್ಲದ ರೈತನಿಗೆ ತಿಳಿದಿತ್ತು; ಲೋಕವೆಲ್ಲ ಸುತ್ತಿ ಬಂದ ನಗರ ಅದನ್ನು ಮರೆಯಿತು.

ನೀರಿನ ನೆರೆಯಂತೆ ಮನುಷ್ಯರ ನೆರೆಯ ಪ್ರಶ್ನೆಯೂ ಇದೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ನಮ್ಮ ಕಡೆಯ ಬ್ಯಾರಿ ಮನೆತನದ ಹುಡುಗ, ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕಿದ. ದೂರವಾಣಿಯಲ್ಲಿ ‘ಬಂದು ನೋಡಿ’ ಎಂದ ಮನೆಯವರು ಹೆಸರು ಕೇಳಿದ ಮೇಲೆ ಮನೆ ಖಾಲಿಯಿಲ್ಲವೆಂದರು. ಒಂದು ಕಡೆಯಲ್ಲ, ಮೂರು ಕಡೆ. ಅವನು ನಗುತ್ತಲೇ ಇದನ್ನು ಹೇಳಿದ. ಕೇಳಿದ ನನಗೆ ನಗು ಬರಲಿಲ್ಲ. ನೂರಿಪ್ಪತ್ತು ವರ್ಷಗಳ ಹಿಂದೆ ನಕ್ಷೆಯ ಮೇಲೆ ಎಳೆದ ಗೆರೆ ಅಳಿಸಿಹೋಗಿರಬಹುದು, ಮನೆಯೊಡೆಯರ ಮನಸ್ಸಿನಲ್ಲಿ ಅದು ಇನ್ನೂ ಹಸಿಯಾಗಿದೆ. ಪಟ್ಟಣವು ನಮ್ಮ ಹಿಂದುಮುಂದನ್ನು ಕೇಳುವುದಿಲ್ಲವೆಂದು ನಂಬಿದ ಗಾದೆ ಇಲ್ಲಿ ಸೋತಿತು. ಅಂಥ ಓಣಿಯಲ್ಲಿ ಮನೆ ಸಿಕ್ಕಿದವನು ತಾನು ಸುರಕ್ಷಿತನೆಂದು ಭಾವಿಸಬಹುದು. ಆದರೆ ಹೆಸರು ಕೇಳಿ ಬಾಗಿಲು ತೆರೆಯುವ ನೆರೆಹೊರೆ ನಾಳೆ ಬೇರೊಂದು ಕಾರಣಕ್ಕೆ ಅವನ ಪಾಲಿಗೂ ಬಾಗಿಲು ಮುಚ್ಚಬಲ್ಲುದು.

ಆದುದರಿಂದ ಈಗ ಯಾರಾದರೂ ಬಂದು ಯಾವ ಕಡೆ ಸೇಫು ಎಂದು ಕೇಳಿದರೆ ಬಡಾವಣೆಯ ಹೆಸರನ್ನು ನಾನು ಹೇಳುವುದಿಲ್ಲ. ನಾಲ್ಕು ವಿಷಯಗಳನ್ನು ವಿಚಾರಿಸಿ ಬರಲು ಹೇಳುತ್ತೇನೆ. ಜಡಿಮಳೆಯ ದಿನ ಹೋಗಿ ನಿಂತು, ಆ ನೆಲದ ನೀರು ಯಾವ ಕಡೆಗೆ ಹರಿಯುತ್ತದೆ, ಹರಿಯಲು ಅದಕ್ಕೆ ಜಾಗವಿದೆಯೆ ಎಂದು ನೋಡಿ. ಬಡಾವಣೆಗೆ ಮೊದಲು ಅಲ್ಲಿ ಏನಿತ್ತು, ಕೆರೆಯೋ ಹೊಲವೋ, ಯಾರದ್ದಿತ್ತು ಎಂದು ಹತ್ತಿರದ ಹಳ್ಳಿಯ ಮುದುಕರೊಬ್ಬರನ್ನು ಕೇಳಿ. ದಾಖಲೆ ಹೇಳದ್ದನ್ನು ಅವರು ಹೇಳುತ್ತಾರೆ. ಆ ಬೀದಿಯನ್ನು ಗುಡಿಸುವ ಪೌರಕಾರ್ಮಿಕರು ಎಲ್ಲಿ ವಾಸಿಸುತ್ತಾರೆ, ನಡೆದು ಬರುವಷ್ಟು ಹತ್ತಿರವೋ, ಎರಡು ಬಸ್ಸು ಬದಲಿಸುವಷ್ಟು ದೂರವೋ ಎಂದು ವಿಚಾರಿಸಿ. ಕೊನೆಯದಾಗಿ, ನಿಮ್ಮ ಊರಿನ ಯಾವನೇ ಗೆಳೆಯನಿಗೂ, ಅವನ ಹೆಸರು ಏನೇ ಆಗಿರಲಿ, ಅದೇ ಬೀದಿಯಲ್ಲಿ ಮನೆ ಸಿಗುತ್ತದೆಯೆ ಎಂದು ಕೇಳಿ ತಿಳಿದುಕೊಳ್ಳಿ. ನಾಲ್ಕಕ್ಕೂ ಸಮಾಧಾನಕರವಾದ ಉತ್ತರ ಸಿಗುವ ಜಾಗ ದೊಡ್ಡ ನಗರದಲ್ಲಿ ಅಪರೂಪವೆಂದು ನಾನು ಬಲ್ಲೆ. ಎರಡಕ್ಕೆ ಸಿಕ್ಕಿದರೂ ಹೋಗಿ ನೆಲೆಸಬಹುದು. ಉಳಿದೆರಡನ್ನು ಅಲ್ಲಿಗೆ ಹೋದ ಮೇಲೆ ನೆರೆಯವರೊಡನೆ ಸೇರಿ ದುಡಿದು ಪಡೆಯಬೇಕಾದೀತು.